ಎರಡು ಸಾವಿರ ಬರ್ತಿದೆ, ನೆಮ್ಮದಿ ಯಾಕಿಲ್ಲ?

ಪ್ರಶ್ನೆ: ಸರ್, ನಮ್ಮದು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿ. ಎರಡೂವರೆ ಎಕರೆ ತೆಂಗಿನ ತೋಟ ಇದೆ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಮನೆಯಲ್ಲಿ ನಾನು, ಯಜಮಾನರು, ಅತ್ತೆ ಮೂರೇ ಜನ. ಗೃಹಲಕ್ಷ್ಮಿ ದುಡ್ಡು ಬರುತ್ತದೆ. ಕರೆಂಟ್ ಬಿಲ್ ಸೊನ್ನೆ. ಫ್ರೀ ಬಸ್ಸಿನಲ್ಲಿ ಆಗಾಗ ಕಡೂರಿನ ತವರಿಗೂ ಹೋಗಿ ಬರುತ್ತೇನೆ. ಆದರೂ ನೆಮ್ಮದಿ ಅನ್ನೋದು ಇಲ್ಲ. ಎರಡು ಸಾವಿರದ ಮೆಸೇಜ್ ತಡವಾದರೆ ಹೊಟ್ಟೆ ತೊಳಸಿದ ಹಾಗೆ ಆಗುತ್ತದೆ. ಮಾವ ತೀರಿಕೊಂಡು ಆರು ವರ್ಷ ಆಯಿತು, ಪಹಣಿ ಇನ್ನೂ ಅವರ ಹೆಸರಿನಲ್ಲೇ ಇದೆ. ಕೊಬ್ಬರಿ ಖರೀದಿ ನೋಂದಣಿಗೆ ಹೋದರೆ ‘ಪಹಣಿ ನಿಮ್ಮ ಹೆಸರಲ್ಲಿಲ್ಲ’ ಎಂದು ವಾಪಸ್ ಕಳಿಸಿದರು. ಅಲೆದು ಸಾಕಾಗಿ ಯಜಮಾನರು ‘ತೋಟ ಮಾರಿ ಮಗನ ಹತ್ತಿರ ಹೋಗೋಣ’ ಅನ್ನುತ್ತಿದ್ದಾರೆ. ಮೈದುನ ಹೇಳೋದೇ ಬೇರೆ: ‘ಖುಷಿ ಮನಸ್ಸಿನಲ್ಲಿರಬೇಕು ಅತ್ತಿಗೆ, ಸರ್ಕಾರಕ್ಕೂ ಅದಕ್ಕೂ ಏನು ಸಂಬಂಧ? ಪುಕ್ಕಟೆ ಕೊಟ್ಟೂ ಕೊಟ್ಟೂ ಜನ ಸೋಮಾರಿಗಳಾದರು. ಖುಷಿಯ ಪಟ್ಟಿಯಲ್ಲಿ ಫಿನ್ಲೆಂಡ್ ನಂಬರ್ ಒನ್, ನಾವು 118.’ ಮೊಬೈಲಿನಲ್ಲಿ ತೋರಿಸಿದ ಕೂಡ. ಸರ್ಕಾರದ ಯೋಜನೆಗಳಿಂದ ನಿಜವಾಗಿ ಜನ ಖುಷಿಯಾಗಿರುತ್ತಾರಾ? ಅಥವಾ ನನ್ನ ಮನಸ್ಸೇ ಸರಿಯಿಲ್ಲವಾ? (ಹೆಸರು ಬೇಡ)

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಿಮ್ಮ ಮನಸ್ಸು ಸರಿಯಾಗೇ ಇದೆ. ಪತ್ರದಲ್ಲಿ ನೀವು ಹೇಳಿಕೊಂಡ ಎರಡು ಸಂಕಟ ನೋಡಿ. ದುಡ್ಡು ಯಾವತ್ತು ಬರುತ್ತದೋ ಗೊತ್ತಿಲ್ಲ. ಜಮೀನಿನ ಖಾತೆ ನಿಮ್ಮ ಹೆಸರಿಗೆ ಯಾವತ್ತು ಆಗುತ್ತದೋ ಗೊತ್ತಿಲ್ಲ. ‘ದುಡ್ಡು ಸಾಲದು’ ಎಂದು ನೀವು ಎಲ್ಲೂ ಬರೆದಿಲ್ಲ. ನಾನು ಅರ್ಥಶಾಸ್ತ್ರ ಪಾಠ ಮಾಡುತ್ತಾ, ಹಾಸನ, ಚಿಕ್ಕಮಗಳೂರು ಕಡೆಯ ಹಳ್ಳಿಗಳಲ್ಲಿ ಮನೆಮನೆ ಸಮೀಕ್ಷೆ ಮಾಡಿಸುತ್ತಾ ಬಂದವನು. ಜನ ಮೊದಲು ಬೆಲೆ, ಸಾಲ, ಮಳೆ ಅನ್ನುತ್ತಾರೆ. ಸ್ವಲ್ಪ ಹೊತ್ತು ಕೂತು ಮಾತಾಡಿದರೆ ಈ ‘ಯಾವತ್ತು’ ಅನ್ನೋದು ಹೊರಗೆ ಬರುತ್ತದೆ. ಸರ್ಕಾರದ ನೀತಿ ಮನುಷ್ಯನ ನೆಮ್ಮದಿಗೆ ತಾಗುವುದು ಮುಖ್ಯವಾಗಿ ಅಲ್ಲೇ. ಎಷ್ಟು ಕೊಟ್ಟಿತು ಅನ್ನೋದಕ್ಕಿಂತ, ಕೊಡುವುದನ್ನು ನಂಬಿಕೊಂಡು ಬದುಕು ಕಟ್ಟಬಹುದಾ, ಅದನ್ನು ಪಡೆಯಲು ಎಷ್ಟು ಸಲ ಕೈ ಕಟ್ಟಿ ನಿಲ್ಲಬೇಕು ಅನ್ನೋದು ಜಾಸ್ತಿ ಲೆಕ್ಕಕ್ಕೆ ಬರುತ್ತದೆ.

ಮೊದಲು ಆ 118ರ ಕಥೆ ಹೇಳಿಬಿಡುತ್ತೇನೆ. 2025ರ ವಿಶ್ವ ಸಂತೋಷ ವರದಿಯಲ್ಲಿ 147 ದೇಶಗಳ ಪೈಕಿ ಭಾರತ 118ನೆಯದು, ನಿಜ. ಫಿನ್ಲೆಂಡ್ 2018ರಿಂದ ಆ ವರ್ಷದವರೆಗೂ ಸತತವಾಗಿ ಮೊದಲನೆಯದು, ಅದೂ ನಿಜ. ಆದರೆ ಆದಾಯ, ಆರೋಗ್ಯ, ಭ್ರಷ್ಟಾಚಾರ ಎಲ್ಲಾ ಕೂಡಿಸಿ ಕಳೆದು ಈ ಸ್ಥಾನ ಕೊಡುತ್ತಾರೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಸ್ಥಾನ ಬರುವುದು ಒಂದೇ ಒಂದು ಪ್ರಶ್ನೆಯಿಂದ. ‘ಒಂದು ಏಣಿ ಇದೆ ಎಂದುಕೊಳ್ಳಿ. ತುತ್ತತುದಿಯ 10ನೇ ಮೆಟ್ಟಿಲು ಅಂದರೆ ನಿಮಗೆ ಸಿಗಬಹುದಾದ ಅತ್ಯಂತ ಒಳ್ಳೆಯ ಬದುಕು, ಸೊನ್ನೆ ಅಂದರೆ ಅತ್ಯಂತ ಕೆಟ್ಟದ್ದು. ಈಗ ನೀವು ಯಾವ ಮೆಟ್ಟಿಲಲ್ಲಿದ್ದೀರಿ?’ ಅಷ್ಟೇ. ಒಂದು ದೇಶದಲ್ಲಿ ವರ್ಷಕ್ಕೆ ಸುಮಾರು ಸಾವಿರ ಜನರನ್ನು ಕೇಳಿ, ಮೂರು ವರ್ಷದ ಸರಾಸರಿ ತೆಗೆಯುತ್ತಾರೆ. ಆದಾಯ, ಆರೋಗ್ಯ ಇತ್ಯಾದಿ ಆರು ಅಂಶಗಳು ಬರುವುದು ಆಮೇಲೆ, ಈ ವ್ಯತ್ಯಾಸ ಯಾಕೆ ಎಂದು ವಿವರಿಸಲು.

ಈ ಏಣಿ ಪ್ರಶ್ನೆಯನ್ನು ಹಳ್ಳಿ ಜಗಲಿಯ ಮೇಲೆ ಕೂತು ಕೇಳಿ ನೋಡಬೇಕು. ಅತ್ತೆ ಪಕ್ಕದಲ್ಲಿ ಕೂತಿದ್ದರೆ ಸೊಸೆ ‘ಏನೋ, ದೇವರು ನಡೆಸ್ತಾವ್ನೆ, ಐದು ಬರ್ಕೊಳ್ಳಿ’ ಅನ್ನುತ್ತಾಳೆ. ಅತ್ತೆ ಒಳಗೆ ಹೋದ ಮೇಲೆ ‘ಮೂರು ಮಾಡಿ’ ಅನ್ನುತ್ತಾಳೆ. ಕೆಲವರು ‘ಮಗನದು ಸೇರಿಸಬೇಕಾ?’ ಎಂದು ಕೇಳುತ್ತಾರೆ. ನಮ್ಮಲ್ಲಿ ತನ್ನೊಬ್ಬಳ ಖುಷಿಯನ್ನೇ ಬೇರೆ ಅಳೆದು ಹೇಳುವ ಅಭ್ಯಾಸ ಕಡಿಮೆ. ಹಾಗಾಗಿ 118 ಆಯಿತಾ 112 ಆಯಿತಾ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ಫಿನ್ಲೆಂಡಿನದು 7.7, ನಮ್ಮದು 4.4. ಇಷ್ಟು ದೊಡ್ಡ ಅಂತರವನ್ನು ಸುಮ್ನೆ ತಳ್ಳಿಹಾಕಲೂ ಆಗುವುದಿಲ್ಲ.

ಮೈದುನನಿಗೆ ಫಿನ್ಲೆಂಡ್ ಬಗ್ಗೆ ಇನ್ನೊಂದು ವಿಷಯ ತಿಳಿಸಿ. ಅವರು ಹಗಲೂ ರಾತ್ರಿ ನಗುತ್ತಾ ಇರುವ ಜನವೇನಲ್ಲ. ಚಳಿಗಾಲದಲ್ಲಿ ಅಲ್ಲಿ ಸೂರ್ಯನೇ ಸರಿಯಾಗಿ ಕಾಣುವುದಿಲ್ಲ. ತೆರಿಗೆ ನಮಗಿಂತ ಎಷ್ಟೋ ಜಾಸ್ತಿ. ಸರ್ಕಾರ ಜನರ ಕೈಗೆ ದುಡ್ಡು ಕೊಡುವುದೂ ನಮಗಿಂತ ಎಷ್ಟೋ ಜಾಸ್ತಿ. ಅವರು ಪುಕ್ಕಟೆ ಕೊಡದೆ ನಂಬರ್ ಒನ್ ಆದವರಲ್ಲ. ಅಲ್ಲಿ ಮಕ್ಕಳಿರುವ ಪ್ರತಿ ಮನೆಗೂ ಮಕ್ಕಳ ಭತ್ಯೆ ಬರುತ್ತದೆ. ಬಡವರಿಗೂ ಬರುತ್ತದೆ, ಸಾಹುಕಾರರಿಗೂ ಬರುತ್ತದೆ. ಸಾಮಾನ್ಯವಾಗಿ ಪ್ರತಿ ತಿಂಗಳು 26ನೇ ತಾರೀಖು. ಅಲ್ಲಿನ ತಾಯಿ ‘ಬಂತಾ, ನಿಮಗೆ ಬಂತಾ’ ಎಂದು ಪಕ್ಕದ ಮನೆಯವರನ್ನು ಕೇಳುತ್ತಾ ಕೂರಬೇಕಿಲ್ಲ. 26ನೇ ತಾರೀಖು ಇದೆ ಅನ್ನುವ ಭರವಸೆಯ ಮೇಲೆ ಚೀಟಿ ಹಾಕಬಹುದು, ಫೀಸ್ ಕಟ್ಟುತ್ತೇನೆ ಎಂದು ಮಾತು ಕೊಡಬಹುದು. ನಿಮಗೆ ಅದೇ ಎರಡು ಸಾವಿರ ಒಂದು ತಿಂಗಳು ಬಂದು, ಇನ್ನೊಂದು ತಿಂಗಳು ಬಾರದೆ, ಆಮೇಲೆ ಎರಡು ಕಂತು ಒಟ್ಟಿಗೆ ಬಂದರೆ, ವರ್ಷದ ಮೊತ್ತ ಅಷ್ಟೇ ಆಗಬಹುದು. ಆದರೆ ಅದನ್ನು ನಂಬಿ ನೀವು ಏನೂ ಮಾಡುವಂತಿಲ್ಲ. ನನ್ನನ್ನು ಕೇಳಿದರೆ, ಇನ್ನೂರು ರೂಪಾಯಿ ಜಾಸ್ತಿ ಮಾಡುವುದಕ್ಕಿಂತ ತಾರೀಖು ಗಟ್ಟಿ ಮಾಡಿ ಅನ್ನುತ್ತೇನೆ.

ಹಾಗಾದರೆ ‘ಖುಷಿ ಮನಸ್ಸಿನಲ್ಲಿರಬೇಕು’ ಅನ್ನೋದು ಸುಳ್ಳಾ? ಅರ್ಧ ನಿಜ. ಮನುಷ್ಯ ಒಳ್ಳೆಯದಕ್ಕೆ ಬೇಗ ಒಗ್ಗಿಹೋಗುತ್ತಾನೆ. ಬಿಲ್ ಸೊನ್ನೆ ಬಂದ ಮೊದಲ ತಿಂಗಳು ನೀವು ಅದನ್ನು ನಾಲ್ಕು ಜನಕ್ಕೆ ತೋರಿಸಿರುತ್ತೀರಿ. ಈಗ ಚೀಟಿ ಮೀಟರ್ ಬಾಕ್ಸಿನಲ್ಲೇ ಸಿಕ್ಕಿಸಿಕೊಂಡಿರುತ್ತದೆ, ಅಲ್ವಾ? ದೇಶದ ಆದಾಯ ವರ್ಷ ವರ್ಷ ಏರಿದರೂ ಜನರ ಸಂತೋಷ ಅದೇ ಪ್ರಮಾಣದಲ್ಲಿ ಏರುವುದಿಲ್ಲ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಈಸ್ಟರ್ಲಿನ್ 1974ರಲ್ಲೇ ತೋರಿಸಿದರು. ಅದರ ಮೇಲೆ ಜಗಳ ಇವತ್ತಿಗೂ ನಿಂತಿಲ್ಲ. ಇನ್ನೊಂದು ಕಡೆ, ಬಂದದ್ದರ ಖುಷಿಗಿಂತ ಹೋದದ್ದರ ನೋವು ದೊಡ್ಡದು. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವೆರ್ಸ್ಕಿ 1979ರಲ್ಲಿ ಇದನ್ನು ಲೆಕ್ಕಕ್ಕೆ ಇಳಿಸಿದರು. ನಿಮ್ಮ ಹೊಟ್ಟೆ ತೊಳಸುವುದಕ್ಕೆ ಕಾರಣ ಇಷ್ಟೇ. ಬರುವ ದುಡ್ಡು ಈಗ ಮನೆ ಲೆಕ್ಕದಲ್ಲಿ ಸೇರಿಹೋಗಿದೆ. ಬಂದರೆ ಲಾಭ ಎಂದು ಅನ್ನಿಸುವುದಿಲ್ಲ, ಬಾರದಿದ್ದರೆ ಕಿತ್ತುಕೊಂಡ ಹಾಗೆ ಆಗುತ್ತದೆ.

ಸೋಮಾರಿತನದ ಮಾತು ಮಾತ್ರ ನಿಲ್ಲುವುದಿಲ್ಲ. ಆರು ಅಭಿವೃದ್ಧಿಶೀಲ ದೇಶಗಳ ಸರ್ಕಾರಗಳೇ ನಡೆಸಿದ ನಗದು ಯೋಜನೆಗಳ ಏಳು ಪ್ರಯೋಗಗಳನ್ನು ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಒಟ್ಟಿಗೆ ಇಟ್ಟು ನೋಡಿದ್ದಾರೆ. ದುಡ್ಡು ಬಂತು ಎಂದು ಜನ ಕೆಲಸ ಬಿಟ್ಟ ಗುರುತು ಸಿಗಲಿಲ್ಲ. ಇಂಡೊನೇಷ್ಯಾದಲ್ಲಿ ಬಡ ಕುಟುಂಬಗಳಿಗೆ ನಗದು ಕೊಟ್ಟ ಕಡೆ ಆತ್ಮಹತ್ಯೆ ಸುಮಾರು 18 ಶೇಕಡ ಇಳಿಯಿತು ಎಂಬ ಅಧ್ಯಯನವೂ ಇದೆ. ರೈತರ ಸಾವಿನ ಸುದ್ದಿ ಓದುತ್ತಲೇ ಬೆಳೆದ ನಮಗೆ ಈ ಒಂದು ಅಂಕಿ ಸಾಕು. ಹಾಗಂತ ಇದಕ್ಕೆ ಖರ್ಚಿಲ್ಲ ಎಂದಲ್ಲ. ಐದು ಗ್ಯಾರಂಟಿಗಳಿಗೆ 2024-25ರ ರಾಜ್ಯ ಬಜೆಟ್ಟಿನಲ್ಲಿ ಇಟ್ಟದ್ದು ಸುಮಾರು 52 ಸಾವಿರ ಕೋಟಿ. 2025ರ ಜನವರಿಯಲ್ಲಿ ಬಸ್ ದರ 15 ಶೇಕಡ ಏರಿದಾಗ ನಿಮ್ಮ ಯಜಮಾನರು ಗೊಣಗಿರಬೇಕು. ಅದೂ ನ್ಯಾಯವೇ.

ಫ್ರೀ ಬಸ್ಸಿನ ಬಗ್ಗೆ ನೀವು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಅದಕ್ಕೆ ಮೊದಲು ತವರಿಗೆ ಹೋಗಬೇಕು ಎಂದರೆ ಏನು ಮಾಡುತ್ತಿದ್ದಿರಿ? ನಮ್ಮ ಸಮೀಕ್ಷೆಗಳಲ್ಲಿ ಹೆಂಗಸರು ಹೇಳುತ್ತಿದ್ದ ಮಾತು ಬಹುಪಾಲು ಒಂದೇ. ಎರಡು ದಿನ ಮೊದಲೇ ಮಾತು ತೆಗೆಯಬೇಕು. ‘ಈಗೇನು ಅವಸರ’ ಅಂದರೆ ಸುಮ್ಮನಾಗಬೇಕು. ಒಪ್ಪಿದರೆ ಎಣಿಸಿ ಕೊಟ್ಟ ಬಸ್ ಚಾರ್ಜ್ ತಗೊಂಡು ಹೋಗಿ, ಬಂದ ಮೇಲೆ ಉಳಿದದ್ದಕ್ಕೆ ಲೆಕ್ಕ ಹೇಳಬೇಕು. ಅರಸೀಕೆರೆಯಿಂದ ಕಡೂರಿಗೆ ಟಿಕೆಟ್ ದುಡ್ಡು ಎಷ್ಟು ಮಹಾ? ಉಳಿದದ್ದು ಬರೀ ದುಡ್ಡಲ್ಲ, ಕೇಳುವ ಸಂಕೋಚ. ಬೆಳಿಗ್ಗೆ ಅಡುಗೆ ಮುಗಿಸಿ, ಆಧಾರ್ ಕಾರ್ಡ್ ತಗೊಂಡು, ‘ಅಮ್ಮನ್ನ ನೋಡ್ಕೊಂಡು ಸಂಜೆಗೆ ಬರ್ತೀನಿ’ ಎಂದು ಹೇಳಿ ಹೊರಡುವುದು ಬೇರೆಯೇ ಮಾತು. ಸಂತೋಷ ವರದಿಯ ಆರು ಅಂಶಗಳಲ್ಲಿ ‘ನನ್ನ ಬದುಕಿನ ತೀರ್ಮಾನ ನಾನೇ ತಗೊಳ್ಳುವ ಸ್ವಾತಂತ್ರ್ಯ’ ಅನ್ನೋದೂ ಒಂದು. ನಿಮ್ಮ ಮಟ್ಟಿಗೆ ಆ ಸ್ವಾತಂತ್ರ್ಯ ಸಾರಿಗೆ ಬಸ್ಸಿನಲ್ಲಿ ಬಂತು. ಗದ್ದಲ, ಸೀಟಿಗೆ ಜಗಳ, ಕಂಡಕ್ಟರನ ಸಿಡುಕು ಎಲ್ಲಾ ಇದೆ, ಗೊತ್ತು. ಆದರೂ ಇದು ಬರುತ್ತದೋ ಇಲ್ಲವೋ ಎಂದು ನೀವು ಮೆಸೇಜ್ ಕಾಯಬೇಕಿಲ್ಲ. ಬಸ್ ಬಂದರೆ ಹತ್ತುವುದು, ಅಷ್ಟೇ. ಇಷ್ಟೆಲ್ಲಾ ದೂರಿನ ಮಧ್ಯೆ ಇದೊಂದರ ಬಗ್ಗೆ ನೀವು ದೂರು ಹೇಳಿಲ್ಲ, ಗಮನಿಸಿದಿರಾ?

ನಗದು ಯೋಜನೆಗೆ ಇನ್ನೊಂದು ಮುಖವಿದೆ. ಕೀನ್ಯಾದ ಹಳ್ಳಿಗಳಲ್ಲಿ ಕೆಲವು ಮನೆಗಳಿಗೆ ಮಾತ್ರ ದುಡ್ಡು ಕೊಟ್ಟು ನೋಡಿದಾಗ, ಪಡೆದವರ ನೆಮ್ಮದಿ ಏರಿತು, ಪಡೆಯದ ಅಕ್ಕಪಕ್ಕದವರದು ಇಳಿಯಿತು. ನಿಮ್ಮ ಮೈದುನನ ಮನೆಗೆ ಗೃಹಲಕ್ಷ್ಮಿ ಬರುತ್ತದಾ? ಮನೆಯೊಡತಿ ಅಥವಾ ಅವರ ಗಂಡ ಆದಾಯ ತೆರಿಗೆ ಕಟ್ಟುತ್ತಿದ್ದರೆ ಬರುವುದಿಲ್ಲ. ಅವರ ಮಾತಿನ ಖಾರಕ್ಕೆ ಅದೂ ಕಾರಣ ಇರಬಹುದು. ಊಹೆ ಅಷ್ಟೇ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಈಗ ಕೊಬ್ಬರಿಗೆ ಬರೋಣ. ನಿಮ್ಮ ಕಡೆ ನೆಮ್ಮದಿ ಕೆಡಿಸುವ ದೊಡ್ಡ ವಿಷಯ ಅದೇ. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಕಾಯಬೇಕು. ಅಟ್ಟಕ್ಕೆ ಹಾಕುವ ದಿನ ಇಳಿಸುವ ದಿನದ ಬೆಲೆ ಯಾರಿಗೂ ಗೊತ್ತಿಲ್ಲ. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಕ್ವಿಂಟಾಲಿಗೆ 8 ಸಾವಿರದ ಆಸುಪಾಸಿಗೆ ಬಿದ್ದಿತ್ತು. 2025ರಲ್ಲಿ 20 ಸಾವಿರ ದಾಟಿತು. ಅದೇ ಮರ, ಅದೇ ಅಟ್ಟ. ಈ ಏರಿಳಿತಕ್ಕೆ ಒಂದು ತಳ ಇರಲಿ ಎಂದೇ ಬೆಂಬಲ ಬೆಲೆ ಇರುವುದು. 2024ರ ಹಂಗಾಮಿಗೆ ಕೇಂದ್ರ 12 ಸಾವಿರ ಘೋಷಿಸಿತು, ರಾಜ್ಯ 1,500 ಸೇರಿಸಿತು. ಕಾಗದದ ಮೇಲೆ ಒಳ್ಳೆಯ ನೀತಿ. ನೆಲದ ಮೇಲೆ ಏನಾಯಿತು? ನೋಂದಣಿಗೆ ರಾತ್ರಿಯಿಂದಲೇ ಸಾಲು. ಗೋಲ್‌ಮಾಲ್ ಆಗಿದೆ ಎಂದು ಆದ ನೋಂದಣಿ ರದ್ದು, ಮತ್ತೆ ಸಾಲು. ಒಳ್ಳೆಯ ಬೆಲೆಯೂ ಸಿಗುವ ದಾರಿ ಸರಿಯಿಲ್ಲದಿದ್ದರೆ ಸಿಟ್ಟು ಹುಟ್ಟಿಸುತ್ತದೆ.

ತಮಿಳುನಾಡಿನ 464 ಕಬ್ಬು ಬೆಳೆಗಾರರ ಮೇಲೆ ನಡೆದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಕಟಾವಿಗೆ ಮೊದಲು ಕೈ ಖಾಲಿ ಇದ್ದಾಗ, ಕಟಾವಾಗಿ ದುಡ್ಡು ಬಂದಾಗ, ಅದೇ ರೈತರಿಗೆ ಬುದ್ಧಿಗೆ ಕೆಲಸ ಕೊಡುವ ಪರೀಕ್ಷೆ ಕೊಟ್ಟರು. ಕಟಾವಿಗೆ ಮೊದಲು ಅಂಕ ಕಡಿಮೆ ಬಂತು. ಬುದ್ಧಿ ಕಡಿಮೆ ಆಗಿರಲಿಲ್ಲ, ಚಿಂತೆ ತಲೆಯೊಳಗಿನ ಜಾಗ ತಿಂದಿತ್ತು. ನಿಮ್ಮ ಯಜಮಾನರು ‘ತೋಟ ಮಾರೋಣ’ ಅನ್ನುವುದನ್ನು ಇದೇ ಬೆಳಕಿನಲ್ಲಿ ನೋಡಿ. ಅಲೆದು ಸಾಕಾದ ತಲೆ ದೊಡ್ಡ ತೀರ್ಮಾನ ಮಾಡುವ ಹೊತ್ತಲ್ಲ ಇದು.

ಸರ್ಕಾರಗಳು ಇದಕ್ಕೆಲ್ಲಾ ‘ಸಂತೋಷ’ದ ಹೆಸರಿನಲ್ಲೇ ಕೆಲಸ ಮಾಡಿದ ಉದಾಹರಣೆಯೂ ಇದೆ. ಭೂತಾನ್ ಒಂಬತ್ತು ವಿಭಾಗ, 33 ಮಾನದಂಡ ಇಟ್ಟುಕೊಂಡು ದೇಶದ ಸಂತೋಷ ಅಳೆಯುತ್ತದೆ. ಆದರೂ ಅಲ್ಲಿನ ಹುಡುಗರು ಕೆಲಸ ಹುಡುಕಿ ಆಸ್ಟ್ರೇಲಿಯಾಕ್ಕೆ ಹೋಗುತ್ತಿದ್ದಾರೆ. ಮಧ್ಯಪ್ರದೇಶ 2016ರಲ್ಲಿ ಆನಂದ ಇಲಾಖೆಯನ್ನೇ ತೆರೆಯಿತು. ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ನಾಡಕಚೇರಿಯ ಕಿಟಕಿ ಹೇಳಿದ ಹೊತ್ತಿಗೆ ತೆರೆದರೆ, ಬೇರೆ ಆನಂದ ಇಲಾಖೆ ಯಾಕೆ ಬೇಕು?

ಸರಿ, ನಿಮ್ಮ ಖಾತೆ. ನನ್ನ ಪ್ರಕಾರ ನಿಮ್ಮ ನೆಮ್ಮದಿಯ ಗಂಟು ಇರುವುದು ಎರಡು ಸಾವಿರದಲ್ಲಲ್ಲ, ಈ ಪಹಣಿಯಲ್ಲಿ. ಕೊಬ್ಬರಿ ನೋಂದಣಿ, ಬೆಳೆ ಸಾಲ, ವರ್ಷಕ್ಕೆ 6,000 ಕೊಡುವ ಪಿಎಂ ಕಿಸಾನ್, ಬೆಳೆ ಪರಿಹಾರ ಎಲ್ಲದಕ್ಕೂ ಪಹಣಿಯ ಹೆಸರೇ ಬಾಗಿಲು. ತೀರಿಕೊಂಡವರ ಹೆಸರಿನಲ್ಲಿ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಇಟ್ಟುಕೊಂಡು ಏನೂ ಮಾಡಲಾಗದು. ಹೀಗಾಗಿ ನಿಮ್ಮ ಪಾಲಿಗೆ ಅರ್ಧದಷ್ಟು ಸರ್ಕಾರಿ ನೀತಿ ಇದ್ದೂ ಇಲ್ಲದ ಹಾಗೆ.

ಬ್ರೋಕರ್ ಹಿಡಿದರೆ ಬೇಗ ಆಗುತ್ತದೆ ಎಂದು ಯಾರಾದರೂ ಹೇಳಿಯೇ ಇರುತ್ತಾರೆ. ಬೇಗ ಆಗಲೂಬಹುದು. ಆದರೆ ಬೇಗ ಮಾಡಲು ಅವರು ಹಿಡಿಯುವ ಅಡ್ಡದಾರಿ ಒಂದಿದೆ: ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಡುವುದು. ನಿಮ್ಮ ಪತ್ರದಲ್ಲಿ ನಾದಿನಿಯರ ಸುದ್ದಿ ಇಲ್ಲ. ಇದ್ದರೆ ಅವರಿಗೂ, ಅತ್ತೆಯವರಿಗೂ ಪಾಲಿದೆ. 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಗಟ್ಟಿಯಾಗಿ ಹೇಳಿತು. ಹೆಸರು ಮುಚ್ಚಿಟ್ಟು ಮಾಡಿದ ಖಾತೆ ಇವತ್ತು ಸುಲಭ. ಹತ್ತು ವರ್ಷದ ಮೇಲೆ ಕೋರ್ಟಿನ ಸಮನ್ಸ್ ಬಂದಾಗ ತೋಟವೂ ಹೋಗುತ್ತದೆ, ನಾದಿನಿಯರ ಸಂಬಂಧವೂ ಹೋಗುತ್ತದೆ.

ನೀವೇ ನಾಡಕಚೇರಿಗೆ ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಅರ್ಜಿ ಕೊಡುವುದು ನಿಧಾನದ ದಾರಿ, ಆದರೆ ನಿಲ್ಲುವ ದಾರಿ. ಮಾವನವರ ಮರಣ ಪ್ರಮಾಣಪತ್ರ, ಎಲ್ಲರ ಹೆಸರಿರುವ ವಂಶವೃಕ್ಷ, ವಾರಸುದಾರರ ಆಧಾರ್ ಇಟ್ಟುಕೊಳ್ಳಿ. ಮೈದುನನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರೂ ವಾರಸುದಾರರೇ ತಾನೆ? ಪಾಲು ಹಂಚಿಕೆಯ ಜಗಳವನ್ನು ಇದರೊಳಗೆ ತರಬೇಡಿ. ಮೊದಲು ಎಲ್ಲರ ಹೆಸರಿಗೆ ಜಂಟಿ ಖಾತೆ ಆಗಲಿ. ಆಮೇಲೆ ವಿಭಾಗ ಪತ್ರ, ನಕ್ಷೆ, ಪೋಡಿ (ಅಳತೆ ಮಾಡಿ ಪಾಲು ಬೇರೆ ಮಾಡುವುದು). ಜಂಟಿ ಖಾತೆಯ ತೊಂದರೆ ಎಂದರೆ ಸಾಲಕ್ಕೂ ಮಾರಾಟಕ್ಕೂ ಎಲ್ಲರ ಸಹಿ ಬೇಕು. ಯಾರಾದರೂ ತಕರಾರು ಹಾಕಿದರೆ ತಹಶೀಲ್ದಾರರ ಮುಂದೆ ವಿಚಾರಣೆ ಆಗುತ್ತದೆ. ಅಲ್ಲಿನ ಆದೇಶ ಒಪ್ಪಿಗೆ ಆಗದಿದ್ದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಇದೆ.

ಅರ್ಜಿ ಕೊಟ್ಟ ದಿನ ಸಕಾಲ ನಂಬರಿನ ರಸೀದಿ ಇಲ್ಲದೆ ವಾಪಸ್ ಬರಬೇಡಿ. ಸರ್ಕಾರಿ ಸೇವೆ ಗೊತ್ತುಪಡಿಸಿದ ದಿನದೊಳಗೆ ಕೊಡಬೇಕು ಅನ್ನುವ ಈ ಸಕಾಲ ಕಾನೂನು ರಾಜ್ಯದಲ್ಲಿ 2012ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರ ವ್ಯಾಪ್ತಿಯ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ಪರಿಹಾರ. ‘ಐನೂರಕ್ಕೆ ಏನು ಬರುತ್ತೆ’ ಎಂದು ಜನ ನಗುತ್ತಾರೆ. ಲಾಭ ಆ ದುಡ್ಡಲ್ಲ. ನಂಬರ್ ಬಿದ್ದ ಕಡತ ಬಾಕಿ ಪಟ್ಟಿಯಲ್ಲಿ ಎದ್ದು ಕಾಣುತ್ತದೆ, ಬಾಯಿಮಾತಿನ ಅರ್ಜಿ ಎಲ್ಲೂ ಕಾಣುವುದಿಲ್ಲ. ‘ನಾಳೆ ಬನ್ನಿ’ ಅಂದರೆ ‘ಯಾವ ಕಾಗದ ಕಡಿಮೆ ಇದೆ, ಬರೆದು ಕೊಡಿ’ ಎಂದು ಕೇಳಿ. ಜಗಳ ಬೇಡ, ಇದೊಂದೇ ಮಾತು.

ಸುಮ್ನೆ ಬಿಟ್ಟರೆ ಏನಾಗುತ್ತದೆ? ಈಗ ಸಹಿ ಹಾಕಬೇಕಾದವರು ಕೆಲವೇ ಜನ. ಅವರಲ್ಲಿ ಒಬ್ಬರು ತೀರಿಕೊಂಡರೆ ಅವರ ಮಕ್ಕಳೆಲ್ಲಾ ಸೇರುತ್ತಾರೆ. ಅತ್ತೆಯವರು ಗಟ್ಟಿಯಾಗಿರುವಾಗಲೇ ಮುಗಿಸಿ.

ಒಂದು ಮಾತು ಮಧ್ಯದಲ್ಲಿ. ಎರಡು ವಾರಕ್ಕೂ ಮೀರಿ ನಿದ್ದೆ ಬಾರದೆ, ಊಟ ಸೇರದೆ, ಏನೂ ಬೇಡ ಅನ್ನಿಸುತ್ತಿದ್ದರೆ ಅದು ಖಾತೆಯ ಚಿಂತೆ ಎಂದು ನುಂಗಿಕೊಳ್ಳಬೇಡಿ. 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಮ ಯಜಮಾನರಿಗೂ ಹೇಳಿ. ಗಂಡಸರು ಇದನ್ನು ಸಿಟ್ಟು ಮಾಡಿಕೊಂಡು ತೋರಿಸುತ್ತಾರೆ.

ಇನ್ನು ಬೆಂಗಳೂರು. ಖಾತೆ ಆಗದ ಜಮೀನಿಗೆ ಒಳ್ಳೆಯ ಬೆಲೆ ಯಾರೂ ಕೊಡುವುದಿಲ್ಲ, ಅರ್ಧ ಬೆಲೆಗೆ ಅಗ್ರಿಮೆಂಟ್ ಮಾಡಿಕೊಳ್ಳಲು ಬರುವವರೇ ಜಾಸ್ತಿ. ಹಾಗಾಗಿ ಹೋದರೂ ಖಾತೆ ಮುಗಿಸಿಯೇ ಹೋಗಿ. ಅದಕ್ಕೆ ಮೊದಲು ಒಂದು ನಾಲ್ಕು ತಿಂಗಳು ಮಗನ ಮನೆಯಲ್ಲಿ ಇದ್ದು ನೋಡಬಹುದು. ಕೊಬ್ಬರಿ ಅಟ್ಟದಲ್ಲಿರುವ ತಿಂಗಳುಗಳು ಅದಕ್ಕೆ ಸರಿ. ತೋಟದ ಕಾಯಿ ಫಸಲನ್ನು ಒಂದು ವರ್ಷದ ಮಟ್ಟಿಗೆ ಗುತ್ತಿಗೆ ಕೊಟ್ಟು, ಅಷ್ಟನ್ನೇ ಕಾಗದದಲ್ಲಿ ಬರೆಸಿಕೊಳ್ಳಿ. ಜಮೀನನ್ನೇ ಗೇಣಿಗೆ ಕೊಡಬೇಡಿ, ನಮ್ಮ ರಾಜ್ಯದ ಭೂ ಸುಧಾರಣಾ ಕಾನೂನಿನಲ್ಲಿ ಅದಕ್ಕೆ ಅವಕಾಶ ಇಲ್ಲದಷ್ಟೇ ಕಡಿಮೆ. ಅತ್ತೆಯವರು ಬೆಂಗಳೂರಿಗೆ ಬರುತ್ತಾರಾ ಎಂದು ನೀವು ಬರೆದಿಲ್ಲ. ಅವರನ್ನೂ ಕೇಳಿ. ವಾರಸುದಾರರ ಪಟ್ಟಿಯಲ್ಲಿ ಅವರ ಹೆಸರೂ ಇದೆ, ಮಾರಾಟಕ್ಕೆ ಅವರ ಸಹಿಯೂ ಬೇಕು.